ಮಲೆನಾಡಿನ ದಾರಿಗೆ ಸೆಕೆಂಡ್ ಹ್ಯಾಂಡ್ ಪೋಲೊ ಜಿಟಿ: ಯಾವ ವರ್ಷದ ಗಾಡಿ, ಯಾವ ಗೇರ್‌ಬಾಕ್ಸ್?

ಚಿಕ್ಕಮಗಳೂರು, ಮೂಡಿಗೆರೆ, ಸಕಲೇಶಪುರದ ಕಡೆ ಹಳೆಯ ಫೋಕ್ಸ್‌ವ್ಯಾಗನ್ ಪೋಲೊ ಜಿಟಿ ಹುಡುಕುವವರ ಮೊದಲ ಪ್ರಶ್ನೆ ಸಾಮಾನ್ಯವಾಗಿ ಒಂದೇ: ಪೆಟ್ರೋಲ್ ಟಿಎಸ್‌ಐ ತಗೊಳ್ಳೋದಾ, ಡೀಸೆಲ್ ಟಿಡಿಐ ತಗೊಳ್ಳೋದಾ? ನಮ್ಮ ಉತ್ತರ ಬೇರೆ ಕಡೆಯಿಂದ ಶುರುವಾಗುತ್ತದೆ. ಮೊದಲು ಗೇರ್‌ಬಾಕ್ಸ್ ಆರಿಸಿ, ಎಂಜಿನ್ ಆಮೇಲೆ. ಜಿಟಿಯ ಯಾವ ಎಂಜಿನ್ನೂ ನಮ್ಮ ಘಾಟಿಗಳಿಗೆ ಕಡಿಮೆ ಬೀಳುವುದಿಲ್ಲ. ಕೊಂಡ ಆರು ತಿಂಗಳಲ್ಲಿ ಲಕ್ಷದ ಲೆಕ್ಕದಲ್ಲಿ ಖರ್ಚು ತರುವುದು ಕ್ಲಚ್, ಫ್ಲೈವೀಲ್, ಮೆಕಾಟ್ರಾನಿಕ್ಸ್ (ಆಟೊಮ್ಯಾಟಿಕ್ ಗೇರ್‌ಬಾಕ್ಸಿನ ನಿಯಂತ್ರಣ ಘಟಕ). ಬಯಲುಸೀಮೆಯ ನೇರ ರಸ್ತೆಯಲ್ಲಿ ಹತ್ತು ವರ್ಷ ಬಾಳುವ ಗೇರ್‌ಬಾಕ್ಸ್ ಶನಿವಾರ-ಭಾನುವಾರದ ಮುಳ್ಳಯ್ಯನಗಿರಿ ಸಾಲಿನಲ್ಲಿ ತೆವಳಿದರೆ ಅಷ್ಟು ಬಾಳುವುದಿಲ್ಲ.

ಪೋಲೊ ನಮ್ಮಲ್ಲಿ 2010ರಿಂದ 2022ರವರೆಗೆ ತಯಾರಾಯಿತು, ಚಾಕಣದ ಕಾರ್ಖಾನೆಯಲ್ಲಿ. ಹನ್ನೆರಡು ವರ್ಷವೂ ಬಾಡಿ ಮೂಲತಃ ಒಂದೇ; ಬಂಪರ್, ದೀಪ, ಸ್ಟೀರಿಂಗ್ ಮಾತ್ರ ಬದಲಾದವು. ಹಾಗಾಗಿ ಹೊರಗಿನಿಂದ ನೋಡಿ ವರ್ಷ ಗುರುತಿಸುವುದು ಕಷ್ಟ. ಒಳಗಿನ ಯಂತ್ರವನ್ನು ನೋಡಿದರೆ ಮಾತ್ರ ತಲೆಮಾರುಗಳು ಸ್ಪಷ್ಟವಾಗಿ ಬೇರೆ ಬೇರೆ.

ಯಾವುದು ಯಾವಾಗ ಬಂತು

2010ರ ಕೊನೆಗೆ ಬಂದ 1.6 ಪೆಟ್ರೋಲ್ ಈ ಸಾಲಿನ ಅಜ್ಜ. 105 ಪಿಎಸ್ ಶಕ್ತಿ, 153 ನ್ಯೂಟನ್ ಮೀಟರ್ ಎಳೆತ, ಟರ್ಬೊ ಇಲ್ಲ, ಐದು ಗೇರಿನ ಮ್ಯಾನ್ಯುಯಲ್. ಜಿಟಿ ಎಂಬ ಹೆಸರು ಅದಕ್ಕಿರಲಿಲ್ಲ. 2013ರ ಏಪ್ರಿಲ್‌ನಲ್ಲಿ ಮೊದಲ ಜಿಟಿ ಟಿಎಸ್‌ಐ ಬಂತು: 1.2 ಲೀಟರ್, ನಾಲ್ಕು ಸಿಲಿಂಡರ್, ಟರ್ಬೊ, 105 ಪಿಎಸ್, 175 ನ್ಯೂಟನ್ ಮೀಟರ್, ಜೊತೆಗೆ ಏಳು ಗೇರಿನ ಡಿಎಸ್‌ಜಿ ಆಟೊಮ್ಯಾಟಿಕ್. ಈ ಎಂಜಿನ್‌ಗೆ ಮ್ಯಾನ್ಯುಯಲ್ ಕೊಡಲೇ ಇಲ್ಲ. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಜಿಟಿ ಟಿಡಿಐ: 1.6 ಡೀಸೆಲ್, 105 ಪಿಎಸ್, 250 ನ್ಯೂಟನ್ ಮೀಟರ್, ಐದು ಗೇರಿನ ಮ್ಯಾನ್ಯುಯಲ್. 2014ರ ಜುಲೈ ಹೊತ್ತಿಗೆ ಮುಖ ಬದಲಾಯಿತು, 1.6 ಡೀಸೆಲ್ ಜಾಗಕ್ಕೆ 1.5 ಡೀಸೆಲ್ ಬಂತು. ಸಾಮಾನ್ಯ ಪೋಲೊದಲ್ಲಿ ಇದೇ 1.5 ಡೀಸೆಲ್ 90 ಪಿಎಸ್, 230 ನ್ಯೂಟನ್ ಮೀಟರ್. ಜಿಟಿಯಲ್ಲಿ ಶುರುವಿಗೆ 105 ಪಿಎಸ್, ಮುಂದೆ 110 ಪಿಎಸ್, 250 ನ್ಯೂಟನ್ ಮೀಟರ್. 2020ರ ಏಪ್ರಿಲ್‌ನಲ್ಲಿ ಬಿಎಸ್-6 ಹೊಗೆ ನಿಯಮ ಬಂದಾಗ ಡೀಸೆಲ್ಲೂ ಹೋಯಿತು, ಡಿಎಸ್‌ಜಿಯೂ ಹೋಯಿತು. ಬದಲಿಗೆ ಮೂರು ಸಿಲಿಂಡರಿನ 1.0 ಟಿಎಸ್‌ಐ, 110 ಪಿಎಸ್, 175 ನ್ಯೂಟನ್ ಮೀಟರ್, ಆರು ಗೇರಿನ ಮ್ಯಾನ್ಯುಯಲ್ ಅಥವಾ ಆರು ಗೇರಿನ ಟಾರ್ಕ್ ಕನ್ವರ್ಟರ್ ಆಟೊಮ್ಯಾಟಿಕ್. 2022ರಲ್ಲಿ ಪೋಲೊ ತಯಾರಿಕೆಯೇ ನಿಂತಿತು.

ಆರ್‌ಸಿ ನೋಡುವಾಗ ಒಂದು ಸೂಕ್ಷ್ಮ

ಜಿಟಿ ಬಿಲ್ಲೆ, ಜೇನುಗೂಡಿನ ಗ್ರಿಲ್, ಕೆಂಪು ಗೆರೆ ಎಲ್ಲವೂ ಅಂಗಡಿಯಲ್ಲಿ ಸಿಗುತ್ತವೆ. ಸಾಮಾನ್ಯ 1.2 ಪೆಟ್ರೋಲಿಗೆ ಇವನ್ನು ಅಂಟಿಸಿ ಮಾರುವುದು ಹೊಸದೇನಲ್ಲ. ಆರ್‌ಸಿಯಲ್ಲಿ ಸಿಸಿ ನೋಡಿ. ಟರ್ಬೊ ಇರುವ 1.2 ಟಿಎಸ್‌ಐ 1197 ಸಿಸಿ. ಟರ್ಬೊ ಇಲ್ಲದ ಮೂರು ಸಿಲಿಂಡರಿನ 1.2 ಎಂಪಿಐ 1198 ಸಿಸಿ. ಒಂದೇ ಒಂದು ಸಿಸಿಯ ವ್ಯತ್ಯಾಸ, ಆದರೆ ಗಾಡಿ ಸಂಪೂರ್ಣ ಬೇರೆ. 1.6 ಡೀಸೆಲ್ 1598, 1.5 ಡೀಸೆಲ್ 1498.

1.0 ಲೀಟರಿನಲ್ಲಿ ಸಿಸಿ ಸಹಾಯಕ್ಕೆ ಬರುವುದಿಲ್ಲ. 2018ರಿಂದ ಬಂದ ಟರ್ಬೊ ಇಲ್ಲದ 1.0 ಎಂಪಿಐ ಮತ್ತು 2020ರ 1.0 ಟಿಎಸ್‌ಐ ಎರಡೂ 999 ಸಿಸಿ. ಎಂಪಿಐಗೆ ಇರುವುದು 76 ಪಿಎಸ್ ಮತ್ತು ಐದು ಗೇರು, ಟಿಎಸ್‌ಐಗೆ ಆರು ಗೇರು. ಗೇರ್ ನಾಬ್ ಮೇಲಿನ ಅಂಕಿ ಎಣಿಸಿ, ಬಾನೆಟ್ ಎತ್ತಿ ಟರ್ಬೊ ಮತ್ತು ಇಂಟರ್‌ಕೂಲರ್ ಪೈಪು ಇದೆಯೇ ನೋಡಿ. ಇನ್ನೊಂದು ಮಾತು: 1.0 ಟಿಎಸ್‌ಐ ಮ್ಯಾನ್ಯುಯಲ್ ಹೈಲೈನ್ ಪ್ಲಸ್ ಹೆಸರಿನಲ್ಲೂ ಮಾರಾಟವಾಯಿತು. ಹಿಂದೆ ಜಿಟಿ ಬಿಲ್ಲೆ ಇಲ್ಲ ಎಂದು ಅಂಥ ಗಾಡಿಯನ್ನು ಬಿಡಬೇಡಿ. ಎಂಜಿನ್ ಅದೇ, ಪಿಎಸ್ ಅಷ್ಟೇ.

ಎತ್ತರದ ಲೆಕ್ಕ

ಹಾಸನ, ಚಿಕ್ಕಮಗಳೂರು ಎರಡೂ ಸಮುದ್ರಮಟ್ಟದಿಂದ ಸುಮಾರು ಸಾವಿರ ಮೀಟರ್ ಎತ್ತರದಲ್ಲಿವೆ. ಮುಳ್ಳಯ್ಯನಗಿರಿಯ ತುದಿ 1,930 ಮೀಟರ್. ಟರ್ಬೊ ಇಲ್ಲದ ಎಂಜಿನ್ ಪ್ರತಿ ಸಾವಿರ ಮೀಟರಿಗೆ ಸುಮಾರು ಶೇ. 10ರಷ್ಟು ಶಕ್ತಿ ಕಳೆದುಕೊಳ್ಳುತ್ತದೆ, ಯಾಕೆಂದರೆ ಗಾಳಿ ತೆಳುವಾಗುತ್ತದೆ. ಮಂಗಳೂರಿನಲ್ಲಿ ಚುರುಕಾಗಿದ್ದ ಹಳೆಯ 1.6 ಪೆಟ್ರೋಲ್ ಗಿರಿಯ ಮೇಲ್ದಾರಿಯಲ್ಲಿ ಮಂಕಾಗುವುದು ಇದರಿಂದಲೇ. ಟರ್ಬೊ ತನ್ನ ಒತ್ತಡ ಹೆಚ್ಚಿಸಿ ಈ ನಷ್ಟದ ಬಹುಪಾಲನ್ನು ತುಂಬಿಕೊಡುತ್ತದೆ. ಮೇಲಿನ ಎಲ್ಲ ಜಿಟಿಗಳಿಗೂ ಇದು ಅನ್ವಯ. ಹೀಗಾಗಿ 1.6 ಪೆಟ್ರೋಲನ್ನು ಇಲ್ಲಿಗೇ ಬಿಡುತ್ತೇವೆ. ಗಟ್ಟಿಮುಟ್ಟಾದ, ಸರಳವಾದ ಎಂಜಿನ್, ಯಾವ ಗ್ಯಾರೇಜಿನವರಾದರೂ ಕೈ ಹಾಕಬಲ್ಲರು. ಆದರೆ ವಯಸ್ಸು ಹದಿನೈದರ ಆಸುಪಾಸು. ಹದಿನೈದು ತುಂಬಿದ ಮೇಲೆ ಫಿಟ್‌ನೆಸ್ ಮಾಡಿಸಿ ಆರ್‌ಸಿ ನವೀಕರಿಸುವ ತಲೆನೋವು ಸೇರಿಕೊಳ್ಳುತ್ತದೆ.

1.2 ಟಿಎಸ್‌ಐ ಡಿಎಸ್‌ಜಿ, 2013–2020: ಓಡಿಸಲು ಎಲ್ಲಕ್ಕಿಂತ ಚೆಂದ, ಕೊಳ್ಳಲು ಎಲ್ಲಕ್ಕಿಂತ ಎಚ್ಚರ

ಘಾಟಿಯ ಹೇರ್‌ಪಿನ್ ತಿರುವಿಗೆ ಹೇಳಿ ಮಾಡಿಸಿದ ಎಂಜಿನ್ ಇದು. 175 ನ್ಯೂಟನ್ ಮೀಟರ್ ಪೂರ್ತಿ ಎಳೆತ 1,500 ಆರ್‌ಪಿಎಂನಿಂದಲೇ ಸಿಗುತ್ತದೆ. ಚಾರ್ಮಾಡಿಯ ಬಿಗಿ ತಿರುವಿನಲ್ಲಿ ವೇಗ ಇಳಿದರೂ ಗಾಡಿ ಉಸಿರುಗಟ್ಟುವುದಿಲ್ಲ. ಮೂಗು ಹಗುರ, ಆದ್ದರಿಂದ ಡೀಸೆಲ್ಲಿಗಿಂತ ಬೇಗ ತಿರುಗುತ್ತದೆ. ಇಎಸ್‌ಪಿ (ಗಾಡಿ ಜಾರದಂತೆ ತಡೆಯುವ ವ್ಯವಸ್ಥೆ) ಮತ್ತು ಹಿಲ್ ಹೋಲ್ಡ್ (ಏರಿನಲ್ಲಿ ಹಿಂದಕ್ಕೆ ಉರುಳದಂತೆ ಹಿಡಿಯುವುದು) ಎರಡೂ ಮೊದಲ ದಿನದಿಂದ ಇದ್ದವು. ಮಳೆಗಾಲದಲ್ಲಿ ಕೆಸರು ಸೇರಿದ ಟಾರಿನ ಮೇಲೆ ಇಎಸ್‌ಪಿಗೆ ಬೆಲೆ ಕಟ್ಟಲಾಗದು.

ಈಗ ತೊಂದರೆಯ ಕಡೆ. ಇದರ ಡಿಎಸ್‌ಜಿಯ ಒಳಹೆಸರು ಡಿಕ್ಯೂ200. ಒಳಗೆ ಎರಡು ಕ್ಲಚ್, ಎರಡೂ ಒಣ ಕ್ಲಚ್. ಅಂದರೆ ತಂಪು ಮಾಡಲು ಸುತ್ತ ಎಣ್ಣೆ ಇಲ್ಲ. 1, 3, 5, 7ನೇ ಗೇರು ಒಂದು ಕ್ಲಚ್ ಮೇಲೆ. 2, 4, 6 ಮತ್ತು ರಿವರ್ಸ್ ಇನ್ನೊಂದರ ಮೇಲೆ. ಏರಿನಲ್ಲಿ ನಡಿಗೆಯ ವೇಗದಲ್ಲಿ ತೆವಳುವಾಗ ಕಂಪ್ಯೂಟರ್ ಕ್ಲಚ್ಚನ್ನು ಅರ್ಧ ಹಿಡಿದು ಅರ್ಧ ಬಿಟ್ಟು ನಡೆಸುತ್ತದೆ. ಮ್ಯಾನ್ಯುಯಲ್ ಗಾಡಿಯಲ್ಲಿ ನಾವು ಹಾಫ್ ಕ್ಲಚ್ ಹಿಡಿದ ಹಾಗೆ. ಬಿಸಿ ಏರುತ್ತದೆ, ಹೊರಹೋಗಲು ದಾರಿ ಇಲ್ಲ, ಲೈನಿಂಗ್ ಗಾಜಿನಂತೆ ನುಣುಪಾಗುತ್ತದೆ, ಆಮೇಲೆ ನಡುಕ ಶುರು. ಹೆಚ್ಚಾಗಿ ಮೊದಲು ಸವೆಯುವುದು ಒಂದನೇ ಗೇರಿರುವ ಕ್ಲಚ್ಚು. ಏರಿನಲ್ಲಿ ಬ್ರೇಕ್ ಹಿಡಿಯದೆ ಆಕ್ಸಿಲರೇಟರಿನಿಂದಲೇ ಗಾಡಿ ನಿಲ್ಲಿಸಿಕೊಳ್ಳುವ ಅಭ್ಯಾಸ ಇದ್ದವರ ಕೈಯಲ್ಲಿದ್ದ ಗಾಡಿಯಾದರೆ ಇನ್ನೂ ಬೇಗ.

ಎರಡನೆಯದು ಮೆಕಾಟ್ರಾನಿಕ್ಸ್, ಗೇರ್‌ಬಾಕ್ಸಿನ ಮಿದುಳು ಮತ್ತು ಕೈ ಎರಡೂ ಅದೇ. ಅದರೊಳಗಿನ ಎಣ್ಣೆಯ ಒತ್ತಡ ಕಳೆದುಹೋದರೆ ಪರದೆಯ ಮೇಲೆ ಗೇರಿನ ಅಕ್ಷರ ಮಿಣುಕುತ್ತದೆ, ಗಾಡಿ ನಿಂತಲ್ಲೇ ನಿಲ್ಲಬಹುದು, ಇಲ್ಲವೇ ಬೆಸ ಗೇರುಗಳು ಅಥವಾ ಸಮ ಗೇರುಗಳು ಮಾತ್ರ ಉಳಿಯಬಹುದು. ಬದಲಾಯಿಸಲು ಲಕ್ಷ ದಾಟುವ ಖರ್ಚು. ಅದನ್ನು ಗಾಡಿಗೆ ಹೊಂದಿಸುವ ಉಪಕರಣ ನಮ್ಮ ಊರಿನ ಎಲ್ಲ ಗ್ಯಾರೇಜುಗಳಲ್ಲಿ ಇರುವುದಿಲ್ಲ. ಅಂಥ ಕೆಲಸಕ್ಕೆ ಮಂಗಳೂರು, ಮೈಸೂರು ಅಥವಾ ಬೆಂಗಳೂರಿಗೆ ಗಾಡಿಯನ್ನು ಫ್ಲ್ಯಾಟ್‌ಬೆಡ್ ಮೇಲೆ ಸಾಗಿಸಬೇಕು. ಆ ಬಾಡಿಗೆಯನ್ನೂ ಲೆಕ್ಕಕ್ಕೆ ಸೇರಿಸಿ.

ಪರೀಕ್ಷೆ ಹೀಗೆ ಮಾಡಿ. ಗಾಡಿ ಪೂರ್ತಿ ಬಿಸಿಯಾದ ಮೇಲೆ, ಅಂದರೆ ಕನಿಷ್ಠ 20 ಕಿಲೋಮೀಟರ್ ಓಡಿದ ಮೇಲೆ, ಸೌಮ್ಯ ಏರಿನಲ್ಲಿ ನಿಲ್ಲಿಸಿ. ಬ್ರೇಕ್ ಬಿಟ್ಟು ಆಕ್ಸಿಲರೇಟರ್ ಮುಟ್ಟದೆ ತೆವಳಲು ಬಿಡಿ. ಸೀಟಿನಲ್ಲಿ ನಡುಕ ಗೊತ್ತಾದರೆ ಕ್ಲಚ್ ಮುಗಿಯುತ್ತಾ ಬಂದಿದೆ. ಒಂದರಿಂದ ಎರಡಕ್ಕೆ ಹೋಗುವಾಗ ಹಿಂದಿನಿಂದ ಯಾರೋ ಗುದ್ದಿದ ಹಾಗಾದರೆ ಅದೂ ಲಕ್ಷಣವೇ. ಅದೇ ಏರಿನಲ್ಲಿ ಮೂತಿ ಕೆಳಕ್ಕೆ ಮಾಡಿ ರಿವರ್ಸ್‌ನಲ್ಲಿ ಹತ್ತಿಸಿ. ಇದರಿಂದ ಎರಡನೇ ಕ್ಲಚ್ಚಿನ ಆರೋಗ್ಯ ತಿಳಿಯುತ್ತದೆ. ಕೊಳ್ಳುವವರಲ್ಲಿ ಬಹಳ ಮಂದಿ ಈ ಪರೀಕ್ಷೆ ಮರೆಯುತ್ತಾರೆ. ಕೊನೆಗೆ ಸ್ಕ್ಯಾನರ್ ಹಾಕಿಸಿ ಎಂಜಿನ್ನಿನ ದೋಷವಷ್ಟೇ ಅಲ್ಲ, ಗೇರ್‌ಬಾಕ್ಸ್ ಮಾಡ್ಯೂಲಿನ ದೋಷದ ಪಟ್ಟಿಯನ್ನೂ ಓದಿಸಿ. ಅಗ್ಗದ ಬ್ಲೂಟೂತ್ ಸ್ಕ್ಯಾನರ್‌ಗಳಲ್ಲಿ ಹಲವು ಎಂಜಿನ್ ಮಾತ್ರ ಓದುತ್ತವೆ.

ಎಂಜಿನ್ನಿನಲ್ಲಿ ನೋಡಬೇಕಾದ್ದು ಮೂರು. ಬೆಳಗ್ಗೆ ತಣ್ಣಗಿರುವಾಗ ಸ್ಟಾರ್ಟ್ ಮಾಡಿದ ಮೊದಲ ಎರಡು-ಮೂರು ಸೆಕೆಂಡು ಟೈಮಿಂಗ್ ಕಡೆಯಿಂದ ಕಟಕಟ ಸದ್ದು ಬಂದರೆ ಚೈನ್ ಸಡಿಲವಾಗಿದೆ. ಮಾರುವವರು ನಿಮ್ಮೆದುರಿಗೆ ಮೊದಲೇ ಬಿಸಿ ಮಾಡಿಟ್ಟ ಗಾಡಿ ತೋರಿಸಿದರೆ ಇನ್ನೊಂದು ಬೆಳಗ್ಗೆ ಬರುತ್ತೇನೆ ಎನ್ನಿ. ಟರ್ಬೊದ ಒತ್ತಡ ನಿಯಂತ್ರಿಸುವ ವೇಸ್ಟ್‌ಗೇಟ್ ತೇವಕ್ಕೆ ತುಕ್ಕು ಹಿಡಿದು ಅಂಟಿಕೊಳ್ಳುತ್ತದೆ. ಆಗ ಎಂಜಿನ್ ದೋಷ ಸೂಚಿಸುವ ಇಪಿಸಿ ದೀಪ ಹತ್ತಿ ಎಳೆತ ಮಾಯವಾಗುತ್ತದೆ. ಮಲೆನಾಡಿನಲ್ಲಿ ತಿಂಗಳುಗಟ್ಟಲೆ ಶೆಡ್ಡಿನಲ್ಲಿ ನಿಂತ ಗಾಡಿಯಾದರೆ ಇದನ್ನು ನಿರೀಕ್ಷಿಸಿಯೇ ನೋಡಿ. ಮೂರನೆಯದು ಕೂಲಂಟ್. ಥರ್ಮೊಸ್ಟ್ಯಾಟ್ ಮತ್ತು ಪಂಪಿನ ಸುತ್ತ ಗುಲಾಬಿ ಬಣ್ಣದ ಒಣಗಿದ ಕಲೆ ಕಂಡರೆ ಸೋರಿಕೆ ಇದೆ ಎಂದರ್ಥ. ಡಬ್ಬಿಯಲ್ಲಿ ಬರೀ ನೀರಿದ್ದರೆ ಆ ಗಾಡಿಯ ಉಳಿದ ಆರೈಕೆ ಹೇಗಿತ್ತು ಎಂಬುದು ಅಲ್ಲೇ ಗೊತ್ತಾಗುತ್ತದೆ.

ಯಾರಿಗೆ ಇದು? ಕ್ಲಚ್ ಅಥವಾ ಮೆಕಾಟ್ರಾನಿಕ್ಸ್ ಬದಲಾಯಿಸಿದ ಬಿಲ್ ಇರುವ ಗಾಡಿ ಸಿಕ್ಕರೆ, ಬೆಲೆಯ ಹೊರತು ಒಂದೂವರೆ ಲಕ್ಷ ಪಕ್ಕಕ್ಕೆ ಇಡಬಲ್ಲವರಿಗೆ. ಅದು ಸಾಧ್ಯವಿಲ್ಲದಿದ್ದರೆ ಎಷ್ಟೇ ಆಸೆಯಾದರೂ ಬೇಡ.

1.6 ಟಿಡಿಐ ಮತ್ತು 1.5 ಟಿಡಿಐ: ಹಾಸನದಿಂದ ದೂರ ಓಡಾಡುವವರಿಗೆ

ಹಾಸನದಿಂದ ವಾರಕ್ಕೆರಡು ಸಲ ಬೆಂಗಳೂರು, ನಡುವೆ ಶಿರಾಡಿ ಇಳಿದು ಮಂಗಳೂರು ಅನ್ನುವವರಿಗೆ ಡೀಸೆಲ್ ಇವತ್ತಿಗೂ ಸರಿ. ತಿಂಗಳಿಗೆ 1,500 ಕಿಲೋಮೀಟರಿಗಿಂತ ಕಡಿಮೆ ಓಡಿಸುವವರು ಇದರ ಕಡೆ ನೋಡುವ ಅಗತ್ಯವಿಲ್ಲ. ಸಣ್ಣ ಸಣ್ಣ ಓಡಾಟದಲ್ಲಿ ಡೀಸೆಲ್ ಎಂಜಿನ್ ಪೂರ್ತಿ ಬಿಸಿಯೇ ಆಗುವುದಿಲ್ಲ, ಹೊಗೆಯ ಒಂದು ಭಾಗವನ್ನು ಮತ್ತೆ ಎಂಜಿನ್ನಿಗೆ ಕಳಿಸುವ ಇಜಿಆರ್ ವಾಲ್ವಿನಲ್ಲಿ ಮಸಿ ಕಟ್ಟಿಕೊಳ್ಳುತ್ತದೆ.

ಘಾಟಿಯಲ್ಲಿ ಡೀಸೆಲ್ಲಿನ ಸ್ವಭಾವ ಬೇರೆ. 250 ನ್ಯೂಟನ್ ಮೀಟರ್ ಕೇಳಲು ದೊಡ್ಡದು, ಆದರೆ ಟರ್ಬೊ ಎಚ್ಚರವಾಗುವುದು 1,800ರ ಹತ್ತಿರ. ಹೇರ್‌ಪಿನ್ನಿನಲ್ಲಿ ಎರಡನೇ ಗೇರಿನಲ್ಲಿ ಆರ್‌ಪಿಎಂ 1,300ಕ್ಕೆ ಇಳಿದರೆ ಗಾಡಿ ಸತ್ತಂತಾಗಿ ಮೊದಲನೇ ಗೇರಿಗೆ ಬರಬೇಕು, ಇಲ್ಲವೇ ಕ್ಲಚ್ ಜಾರಿಸಬೇಕು. ಘಾಟಿಯಲ್ಲಿ ವರ್ಷಗಟ್ಟಲೆ ಹೀಗೆ ಜಾರಿಸಿದ ಗಾಡಿಯ ಕ್ಲಚ್ಚೂ ಕಂಪನ ತಗ್ಗಿಸುವ ಡ್ಯುಯಲ್ ಮಾಸ್ ಫ್ಲೈವೀಲೂ ಒಟ್ಟಿಗೆ ಹೋಗುತ್ತವೆ. ಫ್ಲೈವೀಲ್ ಸೇರಿದರೆ ಕ್ಲಚ್ಚಿನ ಖರ್ಚು ಎರಡು ಪಟ್ಟು ಮೀರುತ್ತದೆ. ಗುರುತಿಸುವುದು ಸುಲಭ: ನ್ಯೂಟ್ರಲ್‌ನಲ್ಲಿ ನಿಂತಾಗ ಕೆಳಗಿನಿಂದ ಗಡಗಡ ಸದ್ದು, ಕ್ಲಚ್ ಒತ್ತಿದರೆ ಅದು ಬದಲಾಗುತ್ತದೆ, ಎಂಜಿನ್ ಆಫ್ ಮಾಡಿದಾಗ ಗಾಡಿ ಜೋರಾಗಿ ಒದರಿಕೊಂಡು ನಿಲ್ಲುತ್ತದೆ. ಕ್ಲಚ್ ಜಾರುತ್ತಿದೆಯೇ ನೋಡಲು ನಾಲ್ಕನೇ ಗೇರಿನಲ್ಲಿ 1,800 ಆರ್‌ಪಿಎಂಗೆ ಬಂದು ಪೂರ್ತಿ ಆಕ್ಸಿಲರೇಟರ್ ಒತ್ತಿ. ಮುಳ್ಳು ಮೇಲೇರಿ ವೇಗ ಏರದಿದ್ದರೆ ಕ್ಲಚ್ ಮುಗಿದಿದೆ.

ಟಿಡಿಐಗಳಿಗೆ ಟೈಮಿಂಗ್ ಬೆಲ್ಟ್ ಇದೆ. ತುಂಡಾದರೆ ಪಿಸ್ಟನ್ನು ವಾಲ್ವಿಗೆ ಬಡಿದು ಎಂಜಿನ್ ತಲೆಯೇ ಹೋಗುತ್ತದೆ. ಲಕ್ಷ ಕಿಲೋಮೀಟರ್ ಆಸುಪಾಸಿನ ಗಾಡಿಗೆ ಬೆಲ್ಟ್, ಟೆನ್ಷನರ್, ವಾಟರ್ ಪಂಪ್ ಮೂರನ್ನೂ ಬದಲಾಯಿಸಿದ ಬಿಲ್ ಕೇಳಿ. "ಮಾಡಿಸಿದ್ದೀವಿ, ಬಿಲ್ ಇಲ್ಲ" ಅಂದರೆ ಮಾಡಿಸಿಲ್ಲ ಎಂದೇ ಲೆಕ್ಕ. ಅಷ್ಟು ಹಣ ಬೆಲೆಯಲ್ಲಿ ಕಳೆಯಿರಿ, ಮನೆಗೆ ತಂದ ವಾರದಲ್ಲೇ ಮಾಡಿಸಿ. ಅಲ್ಲಿಯವರೆಗೆ ಮಾರಾಟವಾಗಿದ್ದ ಈ ಡೀಸೆಲ್ ಎಂಜಿನ್‌ಗಳು 2015ರ ಡಿಸೆಂಬರ್‌ನಲ್ಲಿ ಕಂಪನಿ ಘೋಷಿಸಿದ 3,23,700 ಗಾಡಿಗಳ ಹೊಗೆ ಸಂಬಂಧಿತ ರೀಕಾಲ್ ವ್ಯಾಪ್ತಿಗೆ ಬಂದವು. ಆ ಸಾಫ್ಟ್‌ವೇರ್ ಕೆಲಸ ಆಗಿದೆಯೇ ಎಂದು ಚಾಸಿಸ್ ನಂಬರ್ ಕೊಟ್ಟು ಅಧಿಕೃತ ವರ್ಕ್‌ಶಾಪಿನಲ್ಲಿ ವಿಚಾರಿಸಬಹುದು.

1.6 ಮತ್ತು 1.5ರ ನಡುವೆ? 1.6 ಸ್ವಲ್ಪ ನಯವಾಗಿ ಓಡುತ್ತದೆ, ಓಡಿಸುವುದನ್ನು ಪ್ರೀತಿಸುವವರು ಅದನ್ನೇ ಹುಡುಕುತ್ತಾರೆ. ಆದರೆ ಅದು ಮಾರುಕಟ್ಟೆಯಲ್ಲಿದ್ದದ್ದು ಒಂದು ವರ್ಷಕ್ಕೂ ಕಡಿಮೆ. 1.5 ಇದಕ್ಕಿಂತ ಆರು ವರ್ಷದವರೆಗೆ ಹೊಸದಾಗಿ ಸಿಗುತ್ತದೆ, ಫೋಕ್ಸ್‌ವ್ಯಾಗನ್ನಿನ ವೆಂಟೊ ಸೆಡಾನಿನಲ್ಲೂ ಇದ್ದ ಎಂಜಿನ್ ಆದ್ದರಿಂದ ಬಿಡಿಭಾಗಕ್ಕೂ ಅಲೆದಾಡಬೇಕಿಲ್ಲ. 1.5ನ್ನೇ ತಗೊಳ್ಳಿ, 2016ರ ನಂತರದ್ದಾದರೆ ಇನ್ನೂ ಒಳ್ಳೆಯದು.

ಡೀಸೆಲ್ ಜಿಟಿಗಳಲ್ಲಿ ರೀಮ್ಯಾಪ್, ಅಂದರೆ ಶಕ್ತಿ ಹೆಚ್ಚಿಸಲು ಎಂಜಿನ್ ಸಾಫ್ಟ್‌ವೇರ್ ಬದಲಾವಣೆ, ಮಾಡಿಸಿದವು ಬಹಳ. ಪೂರ್ತಿ ಆಕ್ಸಿಲರೇಟರ್ ಒತ್ತಿದಾಗ ಹಿಂದೆ ಕಪ್ಪು ಹೊಗೆಯ ಮೋಡ ಎದ್ದರೆ ಅನುಮಾನಿಸಿ. ರೀಮ್ಯಾಪ್ ಆದ ಮಾತ್ರಕ್ಕೆ ಗಾಡಿ ಕೆಟ್ಟದ್ದಲ್ಲ, ಆದರೆ ಕ್ಲಚ್ಚು, ಫ್ಲೈವೀಲಿನ ಆಯಸ್ಸು ಕಡಿಮೆಯಾಗಿರುತ್ತದೆ. ಬೆಲೆಯಲ್ಲಿ ಅದು ಕಾಣಬೇಕು.

ದೆಹಲಿ ಕಡೆಯಿಂದ ಬರುವ ಅಗ್ಗದ ಡೀಸೆಲ್ ಬಗ್ಗೆ ಒಂದು ಮಾತು. ಅಲ್ಲಿ ಹತ್ತು ವರ್ಷ ದಾಟಿದ ಡೀಸೆಲ್ ಕಾರುಗಳಿಗೆ ನಿರ್ಬಂಧ ಹೇರಿದ್ದರಿಂದ ಅನೇಕ ಗಾಡಿಗಳು ಕಡಿಮೆ ಬೆಲೆಗೆ ದಕ್ಷಿಣಕ್ಕೆ ಬಂದಿವೆ. ಎನ್‌ಒಸಿ (ನಿರಾಕ್ಷೇಪಣಾ ಪತ್ರ), ಅಂದರೆ ಫಾರಂ 28, ಕೈಯಲ್ಲಿ ಇಲ್ಲದೆ ಮುಂಗಡ ಕೊಡಬೇಡಿ. ಇಲ್ಲಿ ಮತ್ತೆ ನೋಂದಣಿ ಮಾಡಿಸಲು ಗಾಡಿಯ ವಯಸ್ಸಿಗೆ ತಕ್ಕಂತೆ ಕರ್ನಾಟಕದ ಜೀವಾವಧಿ ತೆರಿಗೆ ಕಟ್ಟಬೇಕು. ಆ ಮೊತ್ತ ಸೇರಿಸಿದ ಮೇಲೆ ಕೆಎ-13 ಅಥವಾ ಕೆಎ-18 ಗಾಡಿಗಿಂತ ಅಗ್ಗವಾಗಿ ಉಳಿದರೆ ಮಾತ್ರ ಯೋಚಿಸಿ.

1.0 ಟಿಎಸ್‌ಐ, 2020–2022: ಹೆಚ್ಚಿನವರಿಗೆ ಇದೇ

ನಾಲ್ಕು ಸಿಲಿಂಡರಿನ ನಯ ಇದರಲ್ಲಿಲ್ಲ. ನಿಂತಲ್ಲಿ ಸಣ್ಣ ಕಂಪನ ಗೊತ್ತಾಗುತ್ತದೆ, 1,800ರ ಕೆಳಗೆ ತುಸು ತಡವರಿಸುತ್ತದೆ. ಅದಕ್ಕೆ ಮೇಲೆ ಎಳೆದರೆ ಖುಷಿಯಾಗುವ ಎಂಜಿನ್. ಕಂಪನಿಯ ಲೆಕ್ಕದ ಮೈಲೇಜು ಮ್ಯಾನ್ಯುಯಲ್ಲಿಗೆ ಲೀಟರಿಗೆ 18.24, ಆಟೊಮ್ಯಾಟಿಕ್ಕಿಗೆ 16.47 ಕಿಲೋಮೀಟರ್. ಘಾಟಿಯಲ್ಲಿ ಇದಕ್ಕಿಂತ ಸಾಕಷ್ಟು ಕಡಿಮೆ ಬರುತ್ತದೆ ಎಂದುಕೊಂಡೇ ಕೊಳ್ಳಿ.

ಈ ತಲೆಮಾರಿನ ಹೆಚ್ಚುಗಾರಿಕೆ ಗೇರ್‌ಬಾಕ್ಸಿನಲ್ಲಿದೆ. ಟಾರ್ಕ್ ಕನ್ವರ್ಟರ್‌ನಲ್ಲಿ ಎಂಜಿನ್ನಿಗೂ ಗೇರಿಗೂ ನಡುವೆ ಎಣ್ಣೆ ಶಕ್ತಿ ಸಾಗಿಸುತ್ತದೆ. ಏರಿನಲ್ಲಿ ತೆವಳಿದರೂ ಸವೆಯುವ ಒಣ ಲೈನಿಂಗ್ ಇಲ್ಲ. ಎಣ್ಣೆ ಬಿಸಿಯಾಗುತ್ತದೆ, ಕೂಲರ್ ಅದನ್ನು ತಣಿಸುತ್ತದೆ. ಡಿಎಸ್‌ಜಿಯಷ್ಟು ಮಿಂಚಿನಂತೆ ಗೇರು ಬದಲಾಗುವುದಿಲ್ಲ ನಿಜ. ಇಳಿಜಾರಿನಲ್ಲಿ ಕೈಯಿಂದ ಎರಡಕ್ಕೋ ಮೂರಕ್ಕೋ ಇಳಿಸಿಕೊಂಡು ಬಂದರೆ ಎಂಜಿನ್ ಬ್ರೇಕಿಂಗ್ ಸಾಕಷ್ಟು ಸಿಗುತ್ತದೆ, ಶಿರಾಡಿ ಇಳಿದು ಗುಂಡ್ಯ ತಲುಪುವಾಗ ಬ್ರೇಕಿನ ಸುಟ್ಟ ವಾಸನೆ ಬರುವುದಿಲ್ಲ. ಈ ಗೇರ್‌ಬಾಕ್ಸಿನ ಎಣ್ಣೆಯನ್ನು 60 ಸಾವಿರ ಕಿಲೋಮೀಟರಿಗೊಮ್ಮೆ ಬದಲಾಯಿಸಿ. ಜೀವಮಾನಕ್ಕೆ ಒಂದೇ ಸಲ ತುಂಬಿದರೆ ಸಾಕು ಎನ್ನುವ ಮಾತು ಬಯಲಿನ ಊರಿಗೆ ಸರಿಹೋಗಬಹುದು, ನಮಗಲ್ಲ.

ಮ್ಯಾನ್ಯುಯಲ್ ನಮ್ಮ ಮೊದಲ ಆಯ್ಕೆ. ಆರು ಗೇರು, ಹಗುರವಾದ ಮೂಗು, ಯಾವ ಊರಿನಲ್ಲೂ ಬದಲಾಯಿಸಬಹುದಾದ ಕ್ಲಚ್. ತೋಟದಿಂದ ಪೇಟೆಗೆ ದಿನಾ ಓಡಾಡಿ ಭಾನುವಾರ ಬಾಬಾಬುಡನ್‌ಗಿರಿ ಕಡೆ ಹೋಗುವವರಿಗೆ ಇದಕ್ಕಿಂತ ಹೊಂದುವುದು ಪೋಲೊದಲ್ಲಿ ಇನ್ನೊಂದಿಲ್ಲ. ಇಎಸ್‌ಪಿ ಎಲ್ಲ ಮಾದರಿಗೂ ಇದೆ ಎಂದುಕೊಳ್ಳಬೇಡಿ. ಇಗ್ನಿಷನ್ ಆನ್ ಮಾಡಿದಾಗ ಮೀಟರಿನಲ್ಲಿ ಜಾರುವ ಕಾರಿನ ಹಳದಿ ಚಿತ್ರ ಒಂದು ಕ್ಷಣ ಹತ್ತಿ ಆರಬೇಕು. ಹತ್ತದಿದ್ದರೆ ಆ ಗಾಡಿಯಲ್ಲಿ ಇಎಸ್‌ಪಿ ಇಲ್ಲ.

ತೊಂದರೆ ಕಡಿಮೆ, ಆದರೆ ಇಲ್ಲದಿಲ್ಲ. ನೇರವಾಗಿ ಸಿಲಿಂಡರಿಗೇ ಪೆಟ್ರೋಲ್ ಚಿಮ್ಮಿಸುವ ಎಂಜಿನ್ ಆದ್ದರಿಂದ ಕೊಳಕು ಪೆಟ್ರೋಲ್ ಸಹಿಸುವುದಿಲ್ಲ. ಇಪಿಸಿ ದೀಪ ಹತ್ತಿದ ಇತಿಹಾಸವಿದ್ದರೆ ಏನು ಬದಲಾಯಿಸಿದರು ಎಂದು ವಿವರ ಕೇಳಿ. 1.2 ಮತ್ತು 1.0 ಎರಡಕ್ಕೂ ಅನ್ವಯಿಸುವ ಇನ್ನೊಂದು ಅಂಶ: ಇಂಟೇಕ್ ವಾಲ್ವಿನ ಹಿಂದೆ ಮಸಿ ಕಟ್ಟುತ್ತದೆ, ಯಾಕೆಂದರೆ ತೊಳೆಯಲು ಅಲ್ಲಿ ಪೆಟ್ರೋಲ್ ಹರಿಯುವುದೇ ಇಲ್ಲ. ಅರವತ್ತು-ಎಪ್ಪತ್ತು ಸಾವಿರ ದಾಟಿ ಐಡಲಿಂಗ್ ಏರುಪೇರಾದರೆ ಕಾರಣ ಇದಿರಬಹುದು. ಈಗ ಬಂಕಿನಲ್ಲಿ ಬರುವ ಇ20 (ಶೇ. 20 ಎಥನಾಲ್ ಬೆರೆತ) ಪೆಟ್ರೋಲಿನಲ್ಲಿರುವ ಎಥನಾಲ್ ಗಾಳಿಯ ತೇವ ಹೀರುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಡಿ ನಿಲ್ಲಿಸಿಡುವವರು ಟ್ಯಾಂಕನ್ನು ಅರ್ಧ ಖಾಲಿ ಬಿಡಬೇಡಿ, ತುಂಬಿಸಿಡಿ. 45 ಲೀಟರಿನ ಟ್ಯಾಂಕಿನಲ್ಲಿ ಖಾಲಿ ಜಾಗ ಹೆಚ್ಚಿದಷ್ಟೂ ತೇವ ಸೇರಲು ಅವಕಾಶ ಹೆಚ್ಚು.

ಮೂರು ಬಾಗಿಲಿನ ಜಿಟಿಐ

ನಿಜವಾದ ಕೂಪೆಯ ಆಕಾರ ಬೇಕು ಎನ್ನುವವರಿಗೆ ಪೋಲೊದಲ್ಲಿ ಇದ್ದದ್ದು ಒಂದೇ: 2016ರ ನವೆಂಬರ್‌ನಲ್ಲಿ ಆಮದಾಗಿ ಬಂದ ಜಿಟಿಐ. 1.8 ಲೀಟರ್ ಟರ್ಬೊ, 192 ಪಿಎಸ್, ಭಾರತಕ್ಕೆ ನಿಗದಿ ಮಾಡಿದ್ದು 99 ಗಾಡಿ. ಸೊಗಸಾದ ಕಾರು, ಸಂಗ್ರಹಿಸುವವರ ಕಾರು. ಆದರೆ ಗೇರ್‌ಬಾಕ್ಸ್ ಅದೇ ಒಣ ಕ್ಲಚ್ಚಿನ ಏಳು ಗೇರಿನ ಡಿಎಸ್‌ಜಿ, ಅದಕ್ಕೆಂದೇ ಎಳೆತವನ್ನು 250 ನ್ಯೂಟನ್ ಮೀಟರಿಗೆ ಸೀಮಿತಗೊಳಿಸಿದ್ದಾರೆ. ಬಾಗಿಲು, ಪಕ್ಕದ ಗಾಜು, ಬಂಪರ್ ಯಾವುದೂ ನಮ್ಮ ಪೋಲೊದ್ದು ಕೂರುವುದಿಲ್ಲ. ತೋಟದ ಗೇಟಿಗೆ ಬಾಗಿಲು ತಾಗಿದರೆ ತಿಂಗಳುಗಟ್ಟಲೆ ಕಾಯಬೇಕು. ದಿನಬಳಕೆಗೆ ಇದನ್ನು ಸೂಚಿಸುವುದಿಲ್ಲ.

ಯಾವ ವರ್ಷದ್ದಾದರೂ ನಮ್ಮ ಕಡೆಯ ಗಾಡಿಯಲ್ಲಿ ನೋಡಬೇಕಾದ್ದು

ಕಾರ್ಪೆಟ್ಟಿನಿಂದ ಶುರು ಮಾಡಿ. ಪೋಲೊದ ಬಾಗಿಲಿನ ಒಳಗಿನ ಸೀಲು ಹಳತಾದರೆ ಮಳೆನೀರು ಒಳಗಿಳಿದು ಕಾಲಿನ ಜಾಗಕ್ಕೆ ಸೇರುತ್ತದೆ. ಮ್ಯಾಟ್ ಎತ್ತಿ, ಅಂಗೈ ಒತ್ತಿ ನೋಡಿ. ಹಿಂದಿನ ಸೀಟಿನ ಕೆಳಗೂ ನೋಡಿ. ಬೇಸಿಗೆಯಲ್ಲಿ ಕೊಳ್ಳುವವರು ನೀರಿನ ಪೈಪ್ ಹಿಡಿದು ಬಾಗಿಲ ಮೇಲೆ ಹತ್ತು ನಿಮಿಷ ಬಿಟ್ಟು ಪರೀಕ್ಷಿಸಬೇಕು. ಸೆಂಟ್ರಲ್ ಲಾಕ್ ಒಮ್ಮೆ ಕೆಲಸ ಮಾಡಿ ಒಮ್ಮೆ ಮಾಡದಿದ್ದರೆ, ಬಾಗಿಲು ಹಾಕಿದರೂ ತೆರೆದಿದೆ ಎಂದು ತೋರಿಸಿದರೆ, ಲಾಕಿನೊಳಗಿನ ಮೈಕ್ರೊಸ್ವಿಚ್ ಹೋಗಿರುತ್ತದೆ. ಹೆಚ್ಚಾಗಿ ಇಡೀ ಲಾಕ್ ಬದಲಾಯಿಸುತ್ತಾರೆ. ಚಾವಣಿಯ ಬಟ್ಟೆ ಜೋತುಬಿದ್ದಿದ್ದರೆ ಬೆಲೆ ಇಳಿಸಲು ಒಂದು ನೆಪ, ಅಷ್ಟೇ.

ಬಾನೆಟ್ ಎತ್ತಿ ವೈರಿಂಗ್ ನೋಡಿ. ತೋಟದ ಶೆಡ್ಡಿನಲ್ಲಿ ನಿಂತ ಗಾಡಿಗೆ ಇಲಿಯಷ್ಟು ದೊಡ್ಡ ಶತ್ರು ಇಲ್ಲ. ಕಂಪನಿಯ ಬಟ್ಟೆ ಟೇಪಿನ ನಡುವೆ ಹೊಸ ಪ್ಲಾಸ್ಟಿಕ್ ಟೇಪು ಸುತ್ತಿದ ಜಾಗ ಕಂಡರೆ ಎಲ್ಲಿ ಕಡಿದಿತ್ತು, ಯಾರು ಜೋಡಿಸಿದರು ಕೇಳಿ. ಎಸಿಯನ್ನು ಹದಿನೈದು ನಿಮಿಷ ಓಡಿಸಿ. ಕೂಲಿಂಗ್ ಕಾಯಿಲ್ ಸೋರಿಕೆ ಈ ಗಾಡಿಯ ಹಳೆಯ ಕಾಯಿಲೆ, ಡ್ಯಾಶ್‌ಬೋರ್ಡ್ ಪೂರ್ತಿ ಬಿಚ್ಚುವ ಕೆಲಸ.

ಕೆಳಭಾಗವನ್ನು ಲಿಫ್ಟ್ ಮೇಲೆ ಎತ್ತಿಯೇ ನೋಡಬೇಕು. ನೆಲದಿಂದ ಎತ್ತರ 165 ಮಿಲಿಮೀಟರ್ ಆಸುಪಾಸು. ಕಾಫಿ ತೋಟದ ಒಳದಾರಿಯಲ್ಲಿ ನಡುವೆ ಉಬ್ಬಿದ ದಿಣ್ಣೆಗೆ ಆಯಿಲ್ ಸಂಪು ತಾಗಿ ತಗ್ಗಿರುವುದು ಸಾಮಾನ್ಯ. ಮುಂದಿನ ಲೋಯರ್ ಆರ್ಮ್ ಬುಷ್ ಸೀಳಿದೆಯೇ, ಲಿಂಕ್ ರಾಡ್ ಅಲುಗಾಡುತ್ತದೆಯೇ, ಸ್ಟ್ರಟ್ ಮೌಂಟಿನಲ್ಲಿ ಸ್ಟೀರಿಂಗ್ ತಿರುಗಿಸುವಾಗ ಕಟ್ ಅನ್ನುತ್ತದೆಯೇ ನೋಡಿ. 16 ಇಂಚಿನ ಅಲಾಯ್ ಇದ್ದರೆ ಒಳಬದಿಯ ಅಂಚು ಬೆರಳಿನಿಂದ ಸವರಿ ನೋಡಿ. ಗುಂಡಿಗೆ ಬಿದ್ದ ಬಾಗು ಹೊರಗಿನಿಂದ ಕಾಣುವುದಿಲ್ಲ. 195/55 ಆರ್16 ಟೈರ್ ನಾಲ್ಕಕ್ಕೆ ಮೂವತ್ತು ಸಾವಿರದ ಸುತ್ತ ಬೇಕು. ನಮ್ಮ ರಸ್ತೆಗೆ 185/60 ಆರ್15 ಇರುವ ಗಾಡಿಯೇ ಮೇಲು, ಪಕ್ಕದ ಗೋಡೆ ದಪ್ಪ, ರಿಮ್ಮಿಗೆ ಪೆಟ್ಟು ಕಡಿಮೆ.

ಚಿಕ್ಕಮಗಳೂರಿನ ತೋಟದ ದಾರಿಗಳಲ್ಲಿ ಏಷ್ಯಾ ಪೆಸಿಫಿಕ್ ರ‍್ಯಾಲಿಯ ಸುತ್ತುಗಳು ನಡೆದಿವೆ, ಪೋಲೊ ರ‍್ಯಾಲಿಗೆ ಮೆಚ್ಚಿನ ಕಾರು. ಸ್ಪರ್ಧೆಯಲ್ಲಿ ಓಡಿ ಮತ್ತೆ ರಸ್ತೆಗೆ ತಂದ ಗಾಡಿ ಕೈಗೆ ಬರುವ ಸಾಧ್ಯತೆ ನಮ್ಮಲ್ಲಿ ಉಳಿದ ಊರಿಗಿಂತ ಹೆಚ್ಚು. ಕಾರ್ಪೆಟ್ ಕೆಳಗೆ ನಾಲ್ಕು ಮೂಲೆಯಲ್ಲಿ ಮುಚ್ಚಿದ ಬೋಲ್ಟ್ ತೂತು, ಬಾನೆಟ್ಟಿನೊಳಗೆ ಸ್ಟ್ರಟ್ ಗೋಪುರದ ಸುತ್ತ ಹೊಸ ವೆಲ್ಡಿಂಗ್, ಸುಕ್ಕುಗಟ್ಟಿದ ಸೀಲರ್ ಕಂಡರೆ ಆ ಗಾಡಿ ಬೇಡ.

2014ಕ್ಕಿಂತ ಹಿಂದಿನ ಸಾಮಾನ್ಯ ಪೋಲೊವನ್ನು ಜಿಟಿ ಎಂದು ಒಪ್ಪಿಕೊಂಡು ಮೋಸಹೋಗಬಾರದು ಎನ್ನಲು ಇನ್ನೊಂದು ಕಾರಣ ಏರ್‌ಬ್ಯಾಗ್. 2014ರ ಗ್ಲೋಬಲ್ ಎನ್‌ಸಿಎಪಿ ಅಪಘಾತ ಸುರಕ್ಷತಾ ಪರೀಕ್ಷೆಯಲ್ಲಿ ಏರ್‌ಬ್ಯಾಗ್ ಇಲ್ಲದ ಪೋಲೊಗೆ ದೊಡ್ಡವರ ರಕ್ಷಣೆಯಲ್ಲಿ ಸೊನ್ನೆ ನಕ್ಷತ್ರ, ಎರಡು ಏರ್‌ಬ್ಯಾಗ್ ಇದ್ದದ್ದಕ್ಕೆ ನಾಲ್ಕು. ಇಗ್ನಿಷನ್ ಆನ್ ಮಾಡಿದಾಗ ಏರ್‌ಬ್ಯಾಗ್ ದೀಪ ಹತ್ತಿ ಕೆಲವು ಸೆಕೆಂಡಿನಲ್ಲಿ ಆರಬೇಕು. ಹತ್ತದೇ ಇದ್ದರೆ ಬಲ್ಬ್ ಕಿತ್ತಿದ್ದಾರೆ. ಹತ್ತಿ ಆರದಿದ್ದರೆ ದೋಷ ಇದೆ.

ಓಡಿಸಿ ನೋಡುವ ದಾರಿ

ಊರೊಳಗೆ ಎರಡು ಸುತ್ತು ಹೊಡೆದರೆ ಏನೂ ತಿಳಿಯುವುದಿಲ್ಲ. ಚಿಕ್ಕಮಗಳೂರಿನವರು ಕೈಮರ ದಾಟಿ ಗಿರಿಯ ಕಡೆ ಹತ್ತಿ, ಅದೇ ದಾರಿಯಲ್ಲಿ ಇಳಿಯಿರಿ. ಹಾಸನದವರು ಸಕಲೇಶಪುರ ದಾಟಿ ದೋಣಿಗಾಲ್‌ವರೆಗೆ ಹೋಗಿ ಬನ್ನಿ. ಹತ್ತುವಾಗ ಎಂಜಿನ್ ಉಷ್ಣತೆಯ ಮೇಲೆ ಕಣ್ಣಿಡಿ, ಇಳಿಯುವಾಗ ಬ್ರೇಕ್ ಹಾಕಿದರೆ ಸ್ಟೀರಿಂಗ್ ನಡುಗುತ್ತದೆಯೇ ಗಮನಿಸಿ. ನಡುಗಿದರೆ ಡಿಸ್ಕ್ ಬಾಗಿದೆ. ಇಳಿಜಾರಿನಲ್ಲಿ ಬಹಳ ಹೊತ್ತು ಆಕ್ಸಿಲರೇಟರ್ ಬಿಟ್ಟು ಬಂದು, ಮತ್ತೆ ಒತ್ತಿದಾಗ ಹಿಂದೆ ನೀಲಿ ಹೊಗೆ ಬಂದರೆ ಟರ್ಬೊ ಅಥವಾ ವಾಲ್ವ್ ಸೀಲಿನಿಂದ ಎಣ್ಣೆ ಇಳಿಯುತ್ತಿದೆ. ವಾಪಸ್ ಬಂದ ಕೂಡಲೇ ಆಫ್ ಮಾಡದೆ ಒಂದು ನಿಮಿಷ ಐಡಲಿಂಗ್‌ನಲ್ಲಿ ಬಿಡಿ, ಟರ್ಬೊ ಇರುವ ಯಾವ ಗಾಡಿಗೂ ಇದು ಬೇಕು. ಆಮೇಲೆ ಬಾನೆಟ್ ಎತ್ತಿ ಹಸಿ ಎಣ್ಣೆ, ಕೂಲಂಟಿನ ವಾಸನೆ ಹುಡುಕಿ.

ಮಾತು ಮುಗಿದರೆ ಆರ್‌ಸಿ, ಇನ್ಶೂರೆನ್ಸ್, ಮಾಲೀಕತ್ವ ವರ್ಗಾವಣೆಯ ಫಾರಂ 29 ಮತ್ತು 30ರ ಸಹಿ ಒಂದೇ ದಿನ ಆಗಲಿ. ಸಾಲ ಇದ್ದ ಗಾಡಿಯಾದರೆ ಸಾಲ ತೀರಿದ್ದನ್ನು ತೋರಿಸುವ ಬ್ಯಾಂಕಿನ ಫಾರಂ 35 ಮತ್ತು ಎನ್‌ಒಸಿ ಬಂದ ಮೇಲೆಯೇ ಪೂರ್ತಿ ಹಣ. ಸರ್ವಿಸ್ ಇತಿಹಾಸದ ಕಿಲೋಮೀಟರ್, ಇನ್ಶೂರೆನ್ಸ್ ಕಾಗದದ ಕಿಲೋಮೀಟರ್ ಮತ್ತು ಮೀಟರಿನ ಕಿಲೋಮೀಟರ್ ಮೂರೂ ಏರುಕ್ರಮದಲ್ಲಿ ಹೊಂದಬೇಕು.

ಮನೆಗೆ ತಂದ ಮೇಲೆ ಮೊದಲ ವಾರ ಎಂಜಿನ್ ಆಯಿಲ್, ಆಯಿಲ್ ಫಿಲ್ಟರ್, ಏರ್ ಫಿಲ್ಟರ್, ಬ್ರೇಕ್ ಆಯಿಲ್ ಬದಲಾಯಿಸಿ. ಡೀಸೆಲ್ಲಾದರೆ ಫ್ಯೂಯೆಲ್ ಫಿಲ್ಟರ್ ಕೂಡ. ಎಣ್ಣೆಯ ಡಬ್ಬಿಯ ಮೇಲೆ ಕೈಪಿಡಿಯಲ್ಲಿ ಹೇಳಿದ ಫೋಕ್ಸ್‌ವ್ಯಾಗನ್ ನಂಬರ್ ಇರಲೇಬೇಕು, ಬರೀ ದರ್ಜೆ ನೋಡಿ ಹಾಕಿಸಬೇಡಿ. ಕಂಪನಿ 15 ಸಾವಿರ ಕಿಲೋಮೀಟರಿಗೊಮ್ಮೆ ಸರ್ವಿಸ್ ಎನ್ನುತ್ತದೆ. ಘಾಟಿಯಲ್ಲಿ ಓಡುವ ಟರ್ಬೊ ಗಾಡಿಗೆ ಎಂಟರಿಂದ ಹತ್ತು ಸಾವಿರಕ್ಕೆ ಎಣ್ಣೆ ಬದಲಾಯಿಸಿ, ಬೇಸಿಗೆ ಮುಗಿಯುವ ಮುನ್ನ ವೈಪರ್ ಬ್ಲೇಡ್, ಬಾಗಿಲ ಸೀಲು ಮತ್ತು ಮುಂದಿನ ಟೈರಿನ ಗೆರೆ ನೋಡಿಬಿಡಿ. ಗೆರೆಯ ಆಳ 3 ಮಿಲಿಮೀಟರಿಗಿಂತ ಕಡಿಮೆ ಇದ್ದರೆ ಕೊಟ್ಟಿಗೆಹಾರದ ಮಳೆ ಶುರುವಾಗುವ ಮೊದಲೇ ಬದಲಾಯಿಸಿ.